ಎರಡನೇ ಕೂಗು

ಕಾಡಿನಲ್ಲಿ ಯಾರನ್ನಾದರೂ ಕರೆಯುವಾಗ ಎರಡು ಸಲ ಕರೆಯಬೇಕು. ಒಂದು ಸಲ ಕರೆದು ಸುಮ್ಮನಾಗುವವರು ಮನುಷ್ಯರಲ್ಲ. ನಮ್ಮ ಕಿಸೊ ಕಣಿವೆಯಲ್ಲಿ ಮಕ್ಕಳಿಗೆ ತಮ್ಮ ಹೆಸರು ಹೇಳಲು ಬರುವ ಮೊದಲೇ ಇದು ಬಂದಿರುತ್ತದೆ. ಒಂಟಿ ಕೂಗು ಕೇಳಿದರೆ ಓಗೊಡಬಾರದು, ತಿರುಗಿ ನೋಡಬಾರದು, ಎರಡನೆಯದಕ್ಕೆ ಕಾಯಬೇಕು. ಬಂತೋ, ಅದು ನಮ್ಮವರು ಯಾರೋ. ಬರಲಿಲ್ಲವೋ, ಕೆಲಸ ಎಷ್ಟೇ ಉಳಿದಿರಲಿ, ಬುತ್ತಿ ಕಟ್ಟಿಕೊಂಡು ಮನೆಗೆ ಇಳಿಯಬೇಕು. ಓಗೊಟ್ಟವರಿಗೆ ಏನಾಯಿತು ಎಂದು ಹೇಳಲು ಅವರಲ್ಲಿ ಯಾರೂ ಹಿಂದಿರುಗಿ ಬಂದಿಲ್ಲ.

ಶಿಗೆನೊ ಈ ಪಾಠವನ್ನು ಚೆನ್ನಾಗಿ ಕಲಿತದ್ದು ಒಲೆಯ ಮುಂದೆ. ಹುಡುಗಿಯಾಗಿದ್ದಾಗಲೇ ಅವಳು ಹಿನೋಕಿ ಮರ ಕಡಿಯುವವರ ಬಿಡಾರಕ್ಕೆ ಅಡುಗೆಗೆ ಹೋದಳು. ಬಿಡಾರವಿದ್ದದ್ದು ಬೆಟ್ಟದ ಮೇಲಿನ ಓರೆಯಲ್ಲಿ. ಗಂಡಸರು ಹೊತ್ತು ಇಳಿಯುವಾಗ ಒಬ್ಬೊಬ್ಬರಾಗಿ ಬರುವರು, ಬರುವ ದಾರಿಯಿಂದಲೇ ಎರಡು ಕೂಗು ಹಾಕುವರು. ಒಬ್ಬೊಬ್ಬರಿಗೂ ಅವರವರದೇ ಅನ್ನದ ಬಟ್ಟಲು. ಕೂಗು ಯಾರದೆಂದು ಗುರುತು ಹಿಡಿದು ಆ ಬಟ್ಟಲನ್ನು ಇಳಿಸಿ ಅನ್ನ ಹಾಕಿಟ್ಟರೆ, ಅವನು ಬಾಗಿಲಿಗೆ ಬರುವಷ್ಟರಲ್ಲಿ ಹಬೆ ಆಡುತ್ತಿರುತ್ತಿತ್ತು. ಅವಳ ಕಿವಿ ಒಂದು ದಿನವೂ ತಪ್ಪಲಿಲ್ಲ. ಒಬ್ಬನ ಕೂಗು ಮೂಗಿನಲ್ಲಿ, ಒಬ್ಬನದು ಕೊನೆಯಲ್ಲಿ ಒಡೆಯುವಂಥದು. ಆಮೇಲೆ ಅವಳನ್ನು ಮದುವೆಯಾದ ಇವಾವೊ ಮಾತ್ರ ಕೂಗುತ್ತಲೇ ಇರಲಿಲ್ಲ, ಕೆಮ್ಮುತ್ತಿದ್ದ; ಎರಡು ಸಲ. ತೊಕುಜಿ ಎಂಬವನೊಬ್ಬನಿದ್ದ. ಅವನ ಮೊದಲ ಕೂಗು ಬಾಣದಂತೆ ಮೇಲೇರುತ್ತಿತ್ತು. ಎರಡನೆಯದು ಬೆನ್ನಿನ ಹೊರೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ ಹಾಗೆ ತಗ್ಗಿ ನಿಲ್ಲುತ್ತಿತ್ತು. ಅಂಥ ಎರಡನೇ ಕೂಗು ಬಿಡಾರದಲ್ಲಿ ಮತ್ತೊಬ್ಬರಿಗಿರಲಿಲ್ಲ.

ಮರದ ಕೆಲಸ ನಿಂತಿತು, ಬಿಡಾರ ಕುಸಿಯಿತು. ಇವಾವೊ ಮನೆಯಲ್ಲೇ, ಹಾಸಿಗೆಯ ಮೇಲೆ, ಹೆಂಡತಿಯ ಕೈಯಿಂದ ನೀರು ಕುಡಿದು ಸತ್ತ. ಅವನ ಹೆಣದ ಪೆಟ್ಟಿಗೆ ಹೊಸ್ತಿಲು ದಾಟುವಾಗ ಶಿಗೆನೊ ಅವನ ಅನ್ನದ ಬಟ್ಟಲನ್ನು ಕಲ್ಲಿಗೆ ಒಡೆದು, ಇನ್ನು ಈ ಮನೆಯಲ್ಲಿ ನಿನಗೆ ಊಟವಿಲ್ಲ, ಹೊರಡು ಎಂದು ಕಳುಹಿಸಿದಳು. ಹಾಗೆ ಒಡೆದ ಮೇಲೆ ಸತ್ತವರು ಮರಳಿ ಬರುವುದಿಲ್ಲ. ಇವಾವೊ ಬರಲೂ ಇಲ್ಲ.

ಆಮೇಲೆ ಊರಿಗೆ ಹೊಸ ಸಂಗತಿಯೊಂದು ಬಂತು. ಮನಸ್ಸು ಕೆಟ್ಟವರಿಗೆ ಕಾಡಿನಲ್ಲಿ ಚಿಕಿತ್ಸೆ. ಹಿಂದೆ ಮರ ಸಾಗಿಸುತ್ತಿದ್ದ ರೈಲಿನ ದಾರಿಯ ಪಕ್ಕದಲ್ಲಿ ಒಂದು ಮನೆ ಕಟ್ಟಿದರು. ನಿದ್ದೆ ಬಾರದವರು, ಆಫೀಸಿನ ಮೆಟ್ಟಿಲು ಹತ್ತಲು ಕಾಲು ಬಾರದವರು, ಸುಮ್ಮಸುಮ್ಮನೆ ಅಳು ಬರುವವರು ನಗೋಯಾದಿಂದೆಲ್ಲ ಬರತೊಡಗಿದರು. ದಾರಿ ತೋರಿಸಲು ಕಾಡು ಬಲ್ಲವರು ಬೇಕಿತ್ತು. ಶಿಗೆನೊ ಸೇರಿದಳು. ಅವಳ ಕೆಲಸ ದೊಡ್ಡದೇನಲ್ಲ. ಮುಂದೆ ಮುಂದೆ ನಿಧಾನ ನಡೆಯುವುದು, ಕುರೊಮೊಜಿ ಕಡ್ಡಿಯ ಕಷಾಯ ಕಾಸಿ ಕೊಡುವುದು, ಒಬ್ಬೊಬ್ಬರಿಗೆ ಒಂದೊಂದು ಚಾಪೆ ಕೊಟ್ಟು ಅವರಿಗೊಪ್ಪಿದ ಮರದ ಕೆಳಗೆ ಮಲಗಿಸುವುದು, ಹೊತ್ತಾದಾಗ ಕೂಗಿ ಎಬ್ಬಿಸುವುದು. ಕರಡಿ ದೂರವಿರಲಿ ಎಂದು ಎಲ್ಲರ ಸೊಂಟಕ್ಕೂ ಒಂದು ಗಂಟೆ.

"ಮರದ ಕೆಳಗೆ ಮಲಗೋದಕ್ಕೆ ರೈಲು ಹತ್ತಿ ಬರ್ತಾರಲ್ಲ. ನಮ್ಮ ಯಜಮಾನ್ರು ಮರದ ಕೆಳಗೆ ಮಲಗಿದ್ರೆ ಮೇಸ್ತ್ರಿ ಬಂದು ಒದೀತಿದ್ದ" ಎಂದು ಅವಳು ನಗುವಳು.

"ಆಗ ಒದೆಯೋರು ಇದ್ರು ಅಂತ್ಲೇ ನಿದ್ದೆ ಬರ್ತಿತ್ತೇನೋ, ಶಿಗೆನೊ ಸಾನ್" ಎನ್ನುವರು ಕುಗಿಮಿಯಾ ಸೆನ್ಸೇ.

ಕುಗಿಮಿಯಾ ಮನಸ್ಸಿನ ಆಪ್ತಸಲಹೆ ಓದಿಕೊಂಡವರು, ಅದಕ್ಕೇ ಊರಿಗೆಲ್ಲ ಸೆನ್ಸೇ, ಗುರುಗಳು. ಕಡಲ ಕಡೆಯ ಹೆಣ್ಣುಮಗಳು. ಕಾಡಿನ ದಾರಿಯ ತಿರುವಿನಲ್ಲಿ ದಿಮ್ಮಿಯ ಬೆಂಚೊಂದಿದೆ. ಬಂದವರಲ್ಲಿ ಒಬ್ಬೊಬ್ಬರನ್ನೇ ಅಲ್ಲಿ ಕೂರಿಸಿಕೊಂಡು ಮಾತಾಡಿಸುವರು. ಎದುರಿಗೆ ಕೂರುತ್ತಿರಲಿಲ್ಲ, ಪಕ್ಕದಲ್ಲಿ ಕೂರುವರು. ಇಬ್ಬರೂ ಮರಗಳ ಕಡೆ ಮುಖ ಮಾಡಿಕೊಂಡು ಮಾತಾಡುವರು. ಕಣ್ಣು ಕಣ್ಣು ಸೇರದಿದ್ದರೆ ಮಾತು ಬೇಗ ಹೊರಗೆ ಬರುತ್ತದೆ ಎಂದು ಶಿಗೆನೊ ಅವರಿಂದಲೇ ಕಲಿತಳು.

ಆ ಬೆಂಚಿಗೆ ಫುಸಾಯೆಯನ್ನು ಕರೆತಂದವಳು ಶಿಗೆನೊ. ಫುಸಾಯೆ ಸೋಯಾ ಕಾಳು ನೆನೆಸಿ ರುಬ್ಬಿ ತೋಫು ಮಾಡಿ ಮಾರುವ ಅಂಗಡಿಯವಳು, ತೊಕುಜಿಯ ಹೆಂಡತಿ. ತೊಕುಜಿ ಒಂದು ಶರತ್ಕಾಲದಲ್ಲಿ ಅಣಬೆ ತರುತ್ತೇನೆಂದು ಬುಟ್ಟಿ ಹಿಡಿದು ಹೋದವನು ಹಿಂದಿರುಗಲಿಲ್ಲ. ಊರೆಲ್ಲ ಹುಡುಕಿತು. ಬುಟ್ಟಿಯೂ ಸಿಗಲಿಲ್ಲ. ಕೊನೆಗೆ ದೇವಸ್ಥಾನದವರು ಖಾಲಿ ಪೆಟ್ಟಿಗೆ ಇಟ್ಟು ಮಂತ್ರ ಹೇಳಿದರು. ಆದರೆ ಹೊಸ್ತಿಲು ದಾಟಲು ಹೆಣವೇ ಇಲ್ಲದ ಮೇಲೆ ಬಟ್ಟಲು ಹೇಗೆ ಒಡೆಯುವುದು? ಫುಸಾಯೆ ಒಡೆಯಲಿಲ್ಲ. ಬಿಡಾರದ ಕಾಲದ, ನೀಲಿ ಅಂಚಿನ ಆ ಬಟ್ಟಲು ಅವಳ ಗೂಡಿನಲ್ಲೇ ಉಳಿಯಿತು.

ವರುಷಗಳು ಕಳೆದವು. ತೋಫು ಕೊಳ್ಳಲು ಹೋದಾಗಲೆಲ್ಲ ಶಿಗೆನೊ ಗಮನಿಸುತ್ತಿದ್ದಳು. ಸಂಜೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಫುಸಾಯೆಯ ಕೈ ಅರ್ಧದಲ್ಲೇ ನಿಲ್ಲುತ್ತಿತ್ತು. ಬಾಯಿ ಬಿಗಿಯಾಗುತ್ತಿತ್ತು. ಕೆಳತುಟಿಯಲ್ಲಿ ಹಲ್ಲಿನ ಗುರುತು ಮಾಯುತ್ತಲೇ ಇರಲಿಲ್ಲ.

"ಏನೇ ಅದು ತುಟಿ? ತೋಫು ಸಾಲದೆ ನಿನ್ನನ್ನೇ ತಿಂತಿದೀಯಾ?"

"ಸುಮ್ನಿರು ಅಕ್ಕ. ನಿಂಗೆ ಕೇಳಿಸ್ಲಿಲ್ವಾ ಈಗ?"

ಶಿಗೆನೊಗೆ ಏನೂ ಕೇಳಿಸಿರಲಿಲ್ಲ. ಅವಳು ಹಾಗೆಂದು ಹೇಳಲಿಲ್ಲ. ಮಾರನೆಯ ವಾರ ಅವಳನ್ನು ಬೆಂಚಿನ ಹತ್ತಿರ ಕರೆದುಕೊಂಡು ಹೋದಳು. "ಹೊರಗಿನೋರ ಹತ್ರ ಒಬ್ಳೇ ಕೂರಲ್ಲ, ನೀನೂ ಇರು" ಎಂದಳು ಫುಸಾಯೆ. ಕುಗಿಮಿಯಾ ಒಪ್ಪಿದರು. ಶಿಗೆನೊ ಸ್ವಲ್ಪ ದೂರದಲ್ಲಿ ಕಷಾಯದ ಒಲೆ ಊದುತ್ತ ಕೂತಳು.

ಆಮೇಲೆ ಫುಸಾಯೆ ಮರಗಳಿಗೆ ಹೇಳುವ ಹಾಗೆ ಹೇಳಿದಳು: "ಯಜಮಾನ್ರು ಕರೀತಾರೆ. ದಿನಾ ಹೊತ್ತು ಮುಳುಗೋವಾಗ."

ಆ ಮಾತಿಗೆ ಬೇರೆಯವರಾಗಿದ್ದರೆ ಏನನ್ನುತ್ತಿದ್ದರೋ. ಕುಗಿಮಿಯಾ ಕೇಳಿದ್ದು ಇಷ್ಟೇ: "ಯಾವ ಕಡೆಯಿಂದ ಕರೀತಾರೆ?"

ಫುಸಾಯೆ ತಿರುಗಿ ಅವರ ಮುಖ ನೋಡಿದಳು. ಅದನ್ನು ಕೇಳಿದವರು ಅದುವರೆಗೆ ಒಬ್ಬರೂ ಇರಲಿಲ್ಲ.

"ಮೊದಮೊದಲು ಮೇಲಿನ ಓರೆಯಿಂದ ಬರ್ತಿತ್ತು. ಆಮೇಲೆ ರೈಲು ದಾರಿ ಹತ್ರ. ಈಗ ಕೆಳಗೆ ಬಂದುಬಿಟ್ಟಿದೆ ಸೆನ್ಸೇ. ಹಳ್ಳದ ಆಚೆ."

ಶಿಗೆನೊ ಊದುಗೊಳವೆಯನ್ನು ಬಾಯಿಂದ ತೆಗೆದಳು. ಹಳ್ಳದ ಈಚೆ ಊರು.

"ಎಷ್ಟು ಸಲ ಕರೀತಾರೆ?"

"ಒಂದೇ."

"ನೀವು ಓ ಅಂದಿದೀರಾ?"

"ಇಲ್ಲ. ತುಟಿ ಕಚ್ಕೊಂಡು ನಿಲ್ತೀನಿ. ಆದ್ರೆ ನೀವೇ ಹೇಳಿ, ಗಂಡ ಹೊರಗಡೆ ನಿಂತು ಕರೀತಿದಾನೆ, ಹೆಂಡ್ತಿ ಒಳಗೆ ಬಾಯಿ ಮುಚ್ಕೊಂಡಿದಾಳೆ. ಇದೊಂದು ಸಂಸಾರಾನಾ? ಅವ್ರಿಗೆ ಎರಡನೇ ಸಲ ಕೂಗೋಕೆ ಉಸಿರಿಲ್ವೇನೋ. ನಾನೊಂದ್ಸಲ ಓ ಅಂದ್ರೆ ಆ ಜೀವ ಅಷ್ಟು ದೂರ ತಿರುಗೋದು ತಪ್ಪುತ್ತೆ."

ಕುಗಿಮಿಯಾ ಅದು ಭ್ರಮೆ ಎನ್ನಲಿಲ್ಲ. ನಿಜವೆಂದೂ ಒಪ್ಪಲಿಲ್ಲ. ಬಿದ್ದಿದ್ದ ಹಿನೋಕಿ ಸೊಪ್ಪನ್ನು ಎತ್ತಿ ಬೆರಳಲ್ಲಿ ಹೊಸಕುತ್ತ ಯೋಚಿಸಿದರು. ಆ ವಾರದಿಂದ ಫುಸಾಯೆ ಬಿಡದೆ ಬಂದಳು. ಮರದ ಕೆಳಗೆ ಮಲಗಿದಳು, ಅತ್ತಳು, ಒಂದು ದಿನ ಗೊರಕೆ ಹೊಡೆದು ನಿದ್ದೆಯನ್ನೂ ಮಾಡಿದಳು. ಆದರೆ ಕೂಗು ನಿಲ್ಲಲಿಲ್ಲ, ಹತ್ತಿರವಾಗುತ್ತಲೇ ಹೋಯಿತು. ಎಲೆ ಕೆಂಪಾಗುವ ಹೊತ್ತಿಗೆ ಒಂದು ದಿನ ಅವಳು, "ಇನ್ನು ನನ್ನ ಕೈಲಾಗಲ್ಲ ಸೆನ್ಸೇ. ಮುಂದಿನ ಸಲ ಓಗೊಡ್ತೀನಿ" ಎಂದಳು.

"ನನಗೊಂದು ಮಾತು ಕೊಡ್ತೀರಾ? ಎರಡನೇ ಕೂಗು ಬರೋವರೆಗೂ ಕಾಯ್ತೀನಿ ಅಂತ. ನಿಮ್ಮೂರಲ್ಲಿ ಮಕ್ಕಳೂ ಕಾಯ್ತಾರಂತಲ್ಲ, ಅಷ್ಟೇ ಹೊತ್ತು."

"ಎರಡನೇದು ಬಂದ್ರೆ?"

"ಬಂದ್ರೆ ಓ ಅನ್ನಿ. ಆಗ ಅದು ನಮ್ಮೋರು ತಾನೆ."

ಫುಸಾಯೆ ಹೂಂ ಎಂದಳು. ಬಾಯಿತುದಿಯ ಹೂಂ. ಇಷ್ಟು ತೆಳ್ಳನೆಯ ದಾರ ಎಷ್ಟು ದಿನ ತಡೆದೀತು ಎಂದುಕೊಂಡಳು ಶಿಗೆನೊ.

ಅದಾದ ಮುಂದಿನ ವಾರ. ಮಳೆ ನಿಂತು ಕಣಿವೆಯಿಂದ ಮಂಜು ಏಳುತ್ತಿತ್ತು. ಆ ದಿನ ನಗೋಯಾದವರು ಯಾರೂ ಬಂದಿರಲಿಲ್ಲ. ಶಿಗೆನೊ ಅಂಗಡಿಗೇ ಹೋಗಿ ಫುಸಾಯೆಯನ್ನು ಜೊತೆಗೆ ಕರೆದುಕೊಂಡಳು.

"ನಾಳೆಗೆ ನನಗೊಂದು ತೋಫು ತೆಗೆದಿಡು. ಸಾರಿಗೆ ಬೇಕು" ಎಂದಳು ದಾರಿಯಲ್ಲಿ.

"ನಾಳೆ ತೋಫು ಇಲ್ಲ ಅಕ್ಕ."

"ಯಾಕೆ, ಹಬ್ಬಾನಾ?"

"ಕಾಳು ನೆನೆ ಹಾಕಿಲ್ಲ" ಎಂದು ಫುಸಾಯೆ ನಕ್ಕಳು. ಅವಳು ನಕ್ಕು ಬಹಳ ದಿನವಾಗಿತ್ತು. ಆ ನಗು ಕಂಡ ಸಂತೋಷದಲ್ಲಿ ಶಿಗೆನೊ ಮಾತನ್ನು ಅಲ್ಲಿಗೇ ಬಿಟ್ಟಳು.

ಕುಗಿಮಿಯಾ ಬೆಂಚಿನ ಮೇಲೆ ಕೂತರು. ಫುಸಾಯೆ ಚಾಪೆ ಹಿಡಿದು ಮೇಲೆ ಹೋಗಿ ದೊಡ್ಡ ಹಿನೋಕಿಯೊಂದರ ಕೆಳಗೆ ಮಲಗಿದಳು. ಶಿಗೆನೊ ಇಬ್ಬರ ನಡುವೆ, ಗಂಟೆ ಕೇಳಿಸುವಷ್ಟು ದೂರದಲ್ಲಿ ಒಲೆ ಹೂಡಿದಳು. ಮಂಜು ದಟ್ಟವಾಯಿತು. ಒಲೆಯ ಹೊಗೆ ಯಾವುದು, ಮಂಜು ಯಾವುದು ತಿಳಿಯದಾಯಿತು. ಮಲಗಿದವರು ಮಗ್ಗುಲು ಬದಲಿಸಿದಾಗಲೆಲ್ಲ ಟಿಣ್ ಎನ್ನುತ್ತಿದ್ದ ಗಂಟೆ ಬಹಳ ಹೊತ್ತಿನಿಂದ ಸುಮ್ಮನಿದೆ ಎಂದು ಅವಳಿಗೆ ತಟ್ಟನೆ ಹೊಳೆಯಿತು. ನಿದ್ದೆ ಬಂದಿರಬೇಕು. ಆದರೂ ನೋಡೋಣವೆಂದು ಎದ್ದಳು.

ಮರದ ಕೆಳಗೆ ಚಾಪೆ ಅಚ್ಚುಕಟ್ಟಾಗಿ ಮಡಿಸಿತ್ತು. ಅದರ ಮೇಲೆ ಗಂಟೆ. ಒಳಗೆ ಹಾವಸೆ ತುರುಕಿ ನಾಲಿಗೆ ಆಡದ ಹಾಗೆ ಮಾಡಿತ್ತು.

ಆಗ ಶಿಗೆನೊಗೆ ಕಾಳಿನ ಮಾತು ಅರ್ಥವಾಯಿತು. ತೋಫು ಮಾಡುವವರು ಇಂದು ನೆನೆ ಹಾಕುವುದು ನಾಳೆಗೆ. ಗಂಡ ಕಾಣೆಯಾದ ದಿನವೂ ಫುಸಾಯೆ ಕಾಳು ನೆನೆ ಹಾಕಿಯೇ ಹುಡುಕಲು ಹೋಗಿದ್ದಳು. ನಾಳೆ ತಾನಿರುವುದಿಲ್ಲ ಎಂದು ಗೊತ್ತಿದ್ದವಳು ಮಾತ್ರ ನೆನೆ ಹಾಕದೆ ಬರುವಳು.

ಹಳ್ಳದ ಕಡೆ ತಿರುಗಿ, ಉಸಿರು ಎಳೆದುಕೊಂಡು ಮಂಜಿನೊಳಕ್ಕೆ ಕೂಗಿದಳು: "ಹೋ——ಯ್."

ಎರಡನೆಯದಕ್ಕೆ ಬಾಯಿ ತೆರೆದರೆ ಗಂಟಲಲ್ಲಿ ಗಾಳಿಯೇ ಇಲ್ಲ. ಬಾಯಿ ತೆರೆದೇ ಇದೆ, ದನಿ ಬಾರದು. ಹುಟ್ಟಿದಾಗಿನಿಂದ ಕಾಡಿನಲ್ಲಿ ಒಂದು ಸಲ ಕೂಗಿ ನಿಲ್ಲಿಸಿದವಳಲ್ಲ ಅವಳು. ಒಂಟಿ ಕೂಗಿಗೆಂದೇ ಕಾದು ನಿಂತಿರುವ ಹೆಂಗಸಿಗೆ ತಾನೇ ಈಗ ಒಂಟಿ ಕೂಗು ಹಾಕಿಬಿಟ್ಟೆನಲ್ಲ ಎಂದು ಬುದ್ಧಿಗೆ ಹೊಳೆಯಿತು.

ಆಗ ಬಂತು ಎರಡನೇ ಕೂಗು.

ಅವಳ ಬೆನ್ನ ಹಿಂದಿನಿಂದ ಬಂತು. ಮೇಲಿನ ಓರೆಯಿಂದ, ಹಿಂದೆ ಬಿಡಾರವಿದ್ದ ಕಡೆಯಿಂದ. ಜೋರಾಗಿಯೇನೂ ಇರಲಿಲ್ಲ. ಹೊರೆಯನ್ನು ಮೆಲ್ಲಗೆ ನೆಲಕ್ಕಿಳಿಸಿದ ಹಾಗೆ ತಗ್ಗಿ ನಿಂತಿತು. ಶಿಗೆನೊಳ ಬಲಗೈ ತಾನಾಗಿಯೇ ಮೇಲೆದ್ದಿತು, ಇಲ್ಲದ ಗೂಡಿನಿಂದ ನೀಲಿ ಅಂಚಿನ ಬಟ್ಟಲೊಂದನ್ನು ಇಳಿಸಲು ಹೋದ ಹಾಗೆ.

ಅವಳು ತಿರುಗಿ ನೋಡಲಿಲ್ಲ. ಕುತ್ತಿಗೆಯ ಕೂದಲೆಲ್ಲ ನೋಡಿತು, ಅವಳು ನೋಡಲಿಲ್ಲ.

ಕೆಳಗೆ, ಹಳ್ಳದ ಕಡೆಯಿಂದ, ಫುಸಾಯೆಯ ದನಿ ಕೇಳಿಸಿತು. "ಓ…"

ಆ ದನಿಯನ್ನೇ ಹಿಡಿದು ಶಿಗೆನೊ ಇಳಿದಳು. ಹಳ್ಳದ ಮೇಲಿನ ಬಂಡೆಯ ಅಂಚಿನಲ್ಲಿ ಫುಸಾಯೆ ಮರದ ಬೇರೊಂದನ್ನು ಹಿಡಿದು ಕೂತಿದ್ದಳು, ಬೆನ್ನು ಹಳ್ಳಕ್ಕೆ, ಮುಖ ಬೆಟ್ಟಕ್ಕೆ. ಒಂದು ಕಾಲಿನ ಬೂಟು ಇರಲಿಲ್ಲ. ಕೆಳಗೆ ನೀರಿನ ಸದ್ದಿತ್ತು, ನೀರು ಕಾಣುತ್ತಿರಲಿಲ್ಲ. ಶಿಗೆನೊ ಅವಳ ನಡುಪಟ್ಟಿ ಹಿಡಿದು ಮೇಲಕ್ಕೆಳೆದಳು. ಇಬ್ಬರೂ ಒದ್ದೆ ನೆಲದ ಮೇಲೆ ಕೂತು ಬಹಳ ಹೊತ್ತು ಏದುಸಿರು ಬಿಟ್ಟರು.

"ಹಳ್ಳದ ಕಡೆಯಿಂದ ಬಂದ ಹಾಗಿತ್ತು ಮೊದಲನೇದು" ಎಂದಳು ಫುಸಾಯೆ. "ಇವತ್ತು ಕಾಯಲ್ಲ ಅಂತಲೇ ಬಂದಿದ್ದೆ. ಓ ಅನ್ನೋಕೆ ಬಾಯಿ ತೆಗೆದೆ, ಕಾಲೂ ಮುಂದಿಟ್ಟೆ. ಸೆನ್ಸೇಗೆ ಮಾತು ಕೊಟ್ಟಿದ್ನಲ್ಲ, ಹಾಳಾದ್ದು, ಅದು ಅಡ್ಡ ಬಂತು. ಒಂದು ಉಸಿರು ಕಾದೆ. ಎರಡನೇದು ಹಿಂದಿನಿಂದ ಬಂತು. ತಿರುಗಿದೆ."

ಅವಳು ಶಿಗೆನೊಳ ಮುಖವನ್ನೇ ನೋಡಿದಳು.

"ನೀನೇ ತಾನೆ ಕೂಗಿದ್ದು?"

"ಮತ್ತಿನ್ಯಾರು ಕೂಗ್ತಾರೆ" ಎಂದಳು ಶಿಗೆನೊ.

ಫುಸಾಯೆ ತಲೆಯಾಡಿಸಿದಳು. ಮತ್ತೆ ಕೇಳಲಿಲ್ಲ.

ಆ ದಿನದ ಮೇಲೆ ಶಿಗೆನೊಗೆ ಊಟ ಸೇರಲಿಲ್ಲ. ಎರಡನೇ ಕೂಗು ತನ್ನದಲ್ಲವೆಂದು ಹೇಳಿದರೆ, ಗಂಡ ಮೇಲಿನ ಓರೆಯಲ್ಲಿದ್ದಾನೆಂದು ಫುಸಾಯೆ ನಾಳೆಯೇ ಅತ್ತ ಹೊರಟುಬಿಟ್ಟರೆ? ಹೇಳದಿದ್ದರೆ, ಇಷ್ಟು ವರುಷ ಅವಳು ಕಾದಿದ್ದ ಆ ಒಂದು ಕೂಗನ್ನು ತಾನು ಕದ್ದು ಇಟ್ಟುಕೊಂಡ ಹಾಗಾಗಲಿಲ್ಲವೇ? ಎರಡೂ ಕಡೆ ಹಳ್ಳ. ಕೊನೆಗೊಂದು ದಿನ ಬಂದವರೆಲ್ಲ ಹೋದ ಮೇಲೆ ಅವಳು ಕಷಾಯದ ಪಾತ್ರೆ ತೊಳೆದಿಟ್ಟು ತಾನೇ ಹೋಗಿ ಬೆಂಚಿನ ಮೇಲೆ ಕೂತಳು. ಎಷ್ಟೋ ಜನರನ್ನು ಅಲ್ಲಿಗೆ ಕರೆತಂದಿದ್ದಳು. ಅಲ್ಲಿ ಕೂತದ್ದು ಅದೇ ಮೊದಲು. ಕುಗಿಮಿಯಾ ಬಂದು ಪಕ್ಕದಲ್ಲಿ ಕೂತರು.

"ಆವತ್ತು ನಾನು ಒಂದೇ ಸಲ ಕೂಗಿದ್ದು, ಸೆನ್ಸೇ."

ಕುಗಿಮಿಯಾ ಹೇಳಿದರು: "ನನಗೆ ಇಲ್ಲಿಗೆ ಎರಡು ಕೇಳಿಸ್ತು."

"ಹಾಗಾದ್ರೆ ನಿಮಗೂ…"

"ಎರಡನೇದು ಸ್ವಲ್ಪ ದಪ್ಪಗಿತ್ತು. ಶಿಗೆನೊ ಸಾನ್‌ಗೆ ಶೀತ ಆಗಿದೆ, ಇವತ್ತು ಶುಂಠಿ ಹಾಕಿ ಕುಡಿಸಬೇಕು ಅಂದ್ಕೊಂಡೆ."

ಇಬ್ಬರೂ ಮರಗಳ ಕಡೆಯೇ ನೋಡುತ್ತಿದ್ದರು. ಕಣ್ಣು ಕಣ್ಣು ಸೇರಿದ್ದರೆ ಯಾರಾದರೂ ಎದ್ದು ಓಡುತ್ತಿದ್ದರೋ ಏನೋ. ಶಿಗೆನೊ ಬಿಡಾರದ ಕತೆ, ಬಟ್ಟಲುಗಳ ಕತೆ, ತಗ್ಗಿ ನಿಲ್ಲುವ ದನಿಯ ಕತೆ ಎಲ್ಲ ಹೇಳಿದಳು. ಬೆಟ್ಟ ದನಿಯನ್ನು ತಿರುಗಿಸಿ ಕೊಟ್ಟಿರಬಹುದು ಎಂದು ಕುಗಿಮಿಯಾ ಹೇಳಲಿಲ್ಲ. ಅಷ್ಟು ಮಂಜಿನಲ್ಲಿ ಬೆಟ್ಟ ದನಿ ಕೊಡುವುದಿಲ್ಲವೆಂದು ಅವರಿಗೂ ಗೊತ್ತಿತ್ತು.

"ಈಗ ನಾನೇನು ಮಾಡ್ಲಿ?"

"ನಿಮಗೆ ಯಾವುದು ಜಾಸ್ತಿ ಭಾರ? ಹೇಳೋದಾ, ಇಟ್ಕೊಳ್ಳೋದಾ?"

"ಅವಳ ಗಂಡನ ಅನ್ನ ನಾನು ತಿಂದ ಹಾಗಾಗಿದೆ."

"ಹಾಗಾದ್ರೆ ಬಡಿಸಿಬಿಡಿ" ಎಂದರು ಕುಗಿಮಿಯಾ. "ಆದ್ರೆ ಅವರಿಗೆ ಹಸಿವಾದಾಗ. ಅವರಾಗೇ ಕೇಳ್ತಾರೆ."

ಎಲೆಯೆಲ್ಲ ಉದುರಿದ ಮೇಲೆ ಒಂದು ಬೆಳಗ್ಗೆ ಫುಸಾಯೆ ಶಿಗೆನೊಳ ಮನೆಯ ಬಾಗಿಲಿಗೆ ಬಂದಳು. ಒಂದು ಕೈಯಲ್ಲಿ ತೋಫುವಿನ ಡಬ್ಬಿ, ಇನ್ನೊಂದರಲ್ಲಿ ಬಟ್ಟೆ ಸುತ್ತಿದ ಸಣ್ಣ ಗಂಟು. ಕೆಳತುಟಿ ಮಾಯ್ದಿತ್ತು.

"ಈಗೀಗ ಏನೂ ಕೇಳಿಸಲ್ಲ ಅಕ್ಕ" ಎಂದಳು. "ಸಂಜೆ ಬಾಗಿಲು ಎಳೆದ್ರೆ ಬಾಗಿಲಿನ ಸದ್ದೇ ಕೇಳಿಸುತ್ತೆ."

"ಒಳ್ಳೇದಾಯ್ತಲ್ಲ."

"ಏನೋ. ಮನೆ ಬಣಬಣ ಅನ್ನುತ್ತೆ."

ಅವಳು ಗಂಟು ಬಿಚ್ಚಿದಳು. ನೀಲಿ ಅಂಚಿನ ಬಟ್ಟಲು. ಶಿಗೆನೊ ಅದನ್ನು ನೋಡದೆ ಎಷ್ಟೋ ಕಾಲವಾಗಿತ್ತು. ಅಂಚಿನಲ್ಲಿ ಒಂದು ಚೂರು ಹಾರಿದ್ದು ಬಿಡಾರದ ಕಾಲದ್ದು, ಅವಳದೇ ಕೈಯಿಂದ.

"ನೀನೇ ಒಡಿ" ಎಂದಳು ಫುಸಾಯೆ.

"ನಾನ್ಯಾಕೆ? ಹೆಂಡ್ತಿ ನೀನು."

"ಅವ್ರ ಕೂಗಿಗೆ ನನಗಿಂತ ಮೊದಲು ಬಟ್ಟಲು ಇಳಿಸ್ತಿದ್ದೋಳು ನೀನು. ಆವತ್ತೂ ನೀನೇ ಮೊದಲು ಕೇಳಿಸ್ಕೊಂಡಿದ್ದು." ಅವಳು ಬಟ್ಟಲನ್ನು ಮುಂದೆ ಚಾಚಿದಳು. "ಇಷ್ಟು ವರ್ಷ ಅರ್ಧ ಕೂಗು ಕೇಳಿ ಕೇಳಿ ನನಗೆ ಉಳಿದರ್ಧ ಯಾವುದು ಅಂತ ಗೊತ್ತಾಗಲ್ವಾ ಅಕ್ಕ?"

ಶಿಗೆನೊಗೆ ಬಡಿಸಲು ಏನೂ ಉಳಿದಿರಲಿಲ್ಲ. ಕಣ್ಣೊರೆಸಿಕೊಂಡು ಬಟ್ಟಲನ್ನು ತೆಗೆದುಕೊಂಡಳು. ಬೆಚ್ಚಗಿತ್ತು. ಫುಸಾಯೆಯ ಕೈಯ ಬಿಸಿಯಿರಬೇಕು ಎಂದುಕೊಂಡಳು. ಆದರೆ ಫುಸಾಯೆಯ ಬೆರಳುಗಳು ತೋಫುವಿನ ನೀರಿನಲ್ಲಿ ಮರಗಟ್ಟಿ ಕೆಂಪಗಿದ್ದವು.

ಇಬ್ಬರೂ ಹೊಸ್ತಿಲಿನ ಹೊರಗಿನ ಕಲ್ಲಿನ ಹತ್ತಿರ ನಿಂತರು. "ಹೊರಡು ತೊಕುಜಿ. ಇಲ್ಲಿ ಇನ್ನು ಊಟ ಇಲ್ಲ" ಎಂದು ಶಿಗೆನೊ ಬಟ್ಟಲನ್ನು ಕಲ್ಲಿಗೆ ಹಾಕಿದಳು. ಅದು ಒಂದೇ ಏಟಿಗೆ ಒಡೆಯಿತು.

ಒಡೆದ ಮೇಲೆ ಇಬ್ಬರೂ ಬೆಟ್ಟದ ಕಡೆ ಕಿವಿಯಿಟ್ಟು ನಿಂತರು. ಎಷ್ಟೋ ಹೊತ್ತು ನಿಂತರು. ಮೇಲಿನ ಓರೆಯ ಬೋಳು ಕೊಂಬೆಗಳಲ್ಲಿ ಗಾಳಿಯೂ ಆಡಲಿಲ್ಲ.

"ಬರ್ತೀನಿ ಅಕ್ಕ" ಎಂದಳು ಫುಸಾಯೆ ಕೊನೆಗೆ. "ಕಾಳು ನೆನೆ ಹಾಕ್ಬೇಕು."